ಬ್ಯಾಟು ಬಿಟ್ಟು ಓಡಿದವರು: ಜಪಾನಿನಲ್ಲಿ ಮುಂಬಯಿ ಹುಡುಗರು

ಸಾಂತಾಕ್ರೂಜ್

ಜಪಾನಿನಲ್ಲಿ ನಮ್ಮ ಹುಡುಗರು ನಾಲ್ಕು ಬೇಸ್‌ಬಾಲ್ ಪಂದ್ಯ ಆಡಿದರು, ಮೂರರಲ್ಲಿ ಸೋತರು. ಮುಖ್ಯ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವುದು ಸುದ್ದಿಮನೆಯ ಅಭ್ಯಾಸ. ಪತ್ರಿಕೆಯ ಆಟದ ಪುಟದಲ್ಲಿ ಅಂಕಗಳಿಗೂ ಹೆಸರುಗಳಿಗೂ ಜಾಗ ಸಿಕ್ಕಿತ್ತು. ಹೇಗೆ ಸೋತರು, ಗೆದ್ದ ದಿನ ಯಾರು ಓಡಿದರು ಎಂಬುದಕ್ಕೆ ಸಿಕ್ಕಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಮುಂಬಯಿಯ ಬೇಸ್‌ಬಾಲ್ ಎಂದರೆ ನನಗೆ ಗೊತ್ತಿದ್ದದ್ದು ಪಿಂಟೊ ಮಾಸ್ತರರೊಬ್ಬರೇ. ಮಂಗಳೂರಿನವರು. ಹಡಗಿನಲ್ಲಿ ದುಡಿಯುವಾಗ ಜಪಾನಿನ ಬಂದರುಗಳಲ್ಲಿ ಈ ಆಟ ನೋಡಿ ಮರುಳಾದವರು. ನಿವೃತ್ತರಾದ ಮೇಲೆ ಮಲಾಡಿನ ಒಂದು ಬಯಲಿನಲ್ಲಿ ಭಾನುವಾರಗಳಂದು ಹುಡುಗರಿಗೆ ಕಲಿಸುತ್ತಿದ್ದರು. ಕೋಬೆಯಲ್ಲಿದ್ದ ಅವರ ಹಳೆಯ ಗೆಳೆಯರ ಕ್ಲಬ್ಬೊಂದು ತಂಡವನ್ನು ಕರೆಸಿಕೊಂಡಿತು. ವರದಿಗಾರನಾಗಿ ನಾನೂ ಹೊರಟೆ.

ಆಟ ತಿಳಿಯದವರಿಗೆ ಎರಡು ಮಾತು. ಕ್ರಿಕೆಟಿನಲ್ಲಿ ಎರಡು ತುದಿಗಳ ನಡುವೆ ಓಡುತ್ತೇವೆ. ಇಲ್ಲಿ ಚೆಂಡು ಹೊಡೆದವನು ಬ್ಯಾಟನ್ನು ಅಲ್ಲೇ ಬಿಸಾಡಿ, ಚೌಕದ ಮೂರು ಮೂಲೆ ಸುತ್ತಿ ಹೊರಟ ಮೂಲೆಗೇ ಮರಳಬೇಕು; ಮರಳಿದರೆ ಒಂದು ಅಂಕ. ಆ ಮೂರು ಮೂಲೆಗಳಲ್ಲಿ ದಪ್ಪ ಚೀಲದಂಥ ಒಂದೊಂದು ಗುರುತು. ಅದೇ ಬೇಸ್; ಅದನ್ನು ಮುಟ್ಟಿ ನಿಂತವನು ಕ್ಷೇಮ, ಮುಂದಿನವನು ಹೊಡೆದಾಗ ಅಲ್ಲಿಂದ ಮತ್ತೆ ಓಡಬಹುದು. ಹೊರಟ ಮೂಲೆಯಲ್ಲಿ ಮಾತ್ರ ನೆಲಕ್ಕೆ ಹೂತ ಹಲಗೆ. ಮೈಯಿಂದ ಮುಟ್ಟಿದರಷ್ಟೇ ಮುಟ್ಟಿದ ಲೆಕ್ಕ.

ತಂಡದಲ್ಲಿ ಕನ್ನಡದ ಹುಡುಗರು ಇಬ್ಬರು. ಕಪ್ತಾನ ಸುಧಾಕರ ಶೆಟ್ಟಿ ಚೆಂಡೆಸೆಯುವವನೂ ಹೌದು. ಗ್ರಾಂಟ್ ರೋಡಿನಲ್ಲಿ ಅವನ ಮಾವನ ಹೋಟೆಲು, ಕಾಲೇಜು ಮುಗಿಸಿ ಸಂಜೆ ಅಲ್ಲೇ ಸಪ್ಲೈ ಮಾಡುತ್ತಿದ್ದ. ಇನ್ನೊಬ್ಬ ಬಾಗಲಕೋಟೆ ಕಡೆಯ ಬಸಪ್ಪ. ಎಲ್ಲರ ಬಾಯಲ್ಲಿ ಬಸ್ಯಾ. ಅವನ ತಂದೆ ಗೌಂಡಿ. ಮಲಾಡಿನ ಬಯಲಿನ ಪಕ್ಕ ಏಳುತ್ತಿದ್ದ ಬಿಲ್ಡಿಂಗಿನ ಬುಡದಲ್ಲೇ ಅವರ ಜೋಪಡಿ. ಒಂದು ಭಾನುವಾರ ಚೆಂಡು ಹಾರಿ ಮೂರನೆಯ ಮಾಳಿಗೆಯ ಪರಾಂಚಿನ, ಅಂದರೆ ಗೌಂಡಿಗಳು ನಿಲ್ಲುವ ಬಿದಿರಿನ ಅಟ್ಟಣಿಗೆಯ, ಮೇಲೆ ಬಿತ್ತು. ಅಲ್ಲಿ ಇಟ್ಟಿಗೆ ಹಿಡಿಯುತ್ತಿದ್ದ ಈ ಹುಡುಗ ಅದನ್ನು ನೇರ ಪಿಂಟೊರ ಎದೆಗೆ ಎಸೆದ. ಮರುವಾರದಿಂದ ತಂಡದಲ್ಲಿದ್ದ.

ತೊಂದರೆ ಒಂದೇ. ಕೆಳಗಿನಿಂದ ತೂರಿ ಬರುವ ಇಟ್ಟಿಗೆಯನ್ನು ಎರಡೂ ಬರಿಗೈಯಲ್ಲಿ ಹಿಡಿದು ಬೆಳೆದವನಿಗೆ ಬೇಸ್‌ಬಾಲಿನ ದೊಡ್ಡ ತೊಗಲು ಗವಸು ಒಗ್ಗಲಿಲ್ಲ. ಚೆಂಡು ಬಂದರೆ ಗವಸು ಕಿತ್ತು ಬಿಸಾಡುತ್ತಿದ್ದ. ಒಮ್ಮೆ ಹಿಡಿದರೆ ಎರಡು ಸಲ ಬಿಡುತ್ತಿದ್ದ. ಹಾಗಾಗಿ ಅವನು ಕಾಯ್ದಿಟ್ಟ ಆಟಗಾರ.

ಸಾಂತಾಕ್ರೂಜ್ ನಿಲ್ದಾಣದಿಂದ ಹೊರಟ ವಿಮಾನದಲ್ಲಿ ನನ್ನ ಪಕ್ಕದ ಸೀಟು ಅವನದು. ಬೆಲ್ಟು ಬಿಚ್ಚಬಹುದೆಂದು ಹೇಳಿದ ಮೇಲೂ ಬಿಚ್ಚಲಿಲ್ಲ.

"ಸಾಹೇಬ್ರ, ಒಂದ್ ಮಾತ್ ಕೇಳ್ಲೇನ್ರಿ? ಬರೇ ಹೋಗಿ ಬಂದ್ರ ಆಡಿದಂಗ ಆಗತೈತೇನ್ರಿ?"

"ಇಲ್ಲ. ಯಾಕೆ?"

ಬಂದರಿನ ಒಂದು ಕಂಪನಿ ಆಟಗಾರರಿಗೆ ಕಾಯಂ ನೌಕರಿ ಕೊಡುತ್ತಿತ್ತು. ಜೊತೆಗೆ ವಡಾಲದ ಕಾಲನಿಯಲ್ಲಿ ಒಂದು ಖೋಲಿ, ಒಂದೇ ಕೋಣೆಯ ಮನೆ. ಅಲ್ಲಿಯ ಅಧಿಕಾರಿ ಬಸಪ್ಪನಿಗೆ ಖಡಾಖಂಡಿತ ಹೇಳಿದ್ದರು: ಪರದೇಶದ ತಂಡದ ಮೇಲೆ ಮೈದಾನಕ್ಕಿಳಿದು ಆಡಿರಬೇಕು, ಪೇಪರಿನಲ್ಲಿ ಹೆಸರು ಬಂದಿರಬೇಕು.

"ನಮ್ಮ ಬಿಲ್ಡಿಂಗಿಗೆ ಬಣ್ಣಾ ಹಚ್ಚಾಕ ಹತ್ಯಾರ್ರಿ. ಬಣ್ಣಾ ಮುಗೀತಂದ್ರ ಜೋಪಡಿ ಕೀಳಸ್ತಾರ. ಮತ್ತ ಎಲ್ಲಿ ಬುನಾದಿ ತಗದಾರೋ ಅಲ್ಲಿ. ಹುಟ್ಟಿದಾಗಿಂದ ಹಿಂಗಽ ನಡದೈತಿ. ಈ ಸಲಾ ಅವ್ವ ಹೊಸಾ ಜಾಗಾಕ ಬರೂದಿಲ್ಲ ಅಂತ ಕುಂತಾಳ."

ಹಿಂದಿನ ಸೀಟಿನಿಂದ ಸುಧಾಕರನ ತಲೆ ಮೇಲೆದ್ದಿತು. "ಏ ಬಸ್ಯಾ, ನಮಗೆಲ್ಲ ಟೂರ್, ನಿಂಗೆ ಪಿಕ್ನಿಕ್ ಮಾರಾಯ. ಮಜಾ ಕರ್."

"ನೀ ಆಡಿ ಸೋಲ್ತಿ, ನಾ ಕುಂತು ಸೋಲ್ತೇನಿ. ಏನ್ ಫರಕ್ ಐತಲೇ?"

ಸುಧಾಕರನ ತಲೆ ಕೆಳಗಿಳಿಯಿತು.

ಕೋಬೆ

ಒಸಾಕಾದಲ್ಲಿ ವಿಮಾನ ಇಳಿದು ಕೋಬೆಗೆ ರೈಲು ಹಿಡಿಯಬೇಕಿತ್ತು. ಪ್ಲಾಟ್‌ಫಾರ್ಮಿನ ನೆಲದ ಮೇಲೆ ಗುರುತು ಬಳಿದಿದ್ದರು. ಜನ ಆ ಗುರುತಿನ ಹಿಂದೆ ಸಾಲಾಗಿ ನಿಂತಿದ್ದರು. ರೈಲು ಬಂತು. ನಮ್ಮ ಇಡೀ ತಂಡ, ಚೀಲ ಬ್ಯಾಟು ಸಮೇತ, ಅದರ ಜೊತೆಜೊತೆಗೇ ಓಡತೊಡಗಿತು. ಚರ್ಚ್‌ಗೇಟಿನಲ್ಲಿ ಕೂರಲು ಸೀಟು ಬೇಕಾದವನು ಮಾಡುವುದು ಇದನ್ನೇ. ಆದರೆ ಇಲ್ಲಿಯ ಡಬ್ಬಿಗಳ ಬಾಗಿಲು ಮುಚ್ಚಿದ್ದವು. ರೈಲು ನಿಂತಾಗ ಬಾಗಿಲುಗಳು ನೆಲದ ಗುರುತಿಗೆ ಸರಿಯಾಗಿ ತೆರೆದುಕೊಂಡವು. ಗುರುತುಗಳನ್ನು ನಾವು ಹಿಂದೆ ಬಿಟ್ಟು ಬಂದಿದ್ದೆವು. ಸಾಲಿನಲ್ಲಿದ್ದವರು ನಿಧಾನ ಹತ್ತಿ ಕುಳಿತರು. ಏದುಸಿರು ಬಿಡುತ್ತ ನಾವು ನಿಂತು ಪ್ರಯಾಣ ಮಾಡಿದೆವು.

ನಮ್ಮನ್ನು ಎದುರುಗೊಳ್ಳಲು ಬಂದಿದ್ದವರು ಮೊರಿತಾ ಎಂಬ ಶಾಲಾ ಮಾಸ್ತರರು. ಇಂಗ್ಲಿಷ್ ಬಲ್ಲ ಅವರೇ ನಮ್ಮ ದುಭಾಷಿ. "ನಿಮ್ಮ ತಂಡ ಈಗಲೇ ಅಭ್ಯಾಸ ಶುರುಮಾಡಿದೆ" ಎಂದರು, ನಗದೆ.

ಉಳಿದುಕೊಂಡ ವಸತಿಗೃಹದಲ್ಲಿ ಸ್ನಾನ ಎಲ್ಲರಿಗೂ ಒಟ್ಟಿಗೆ. ಸಣ್ಣ ಮಣೆಯ ಮೇಲೆ ಕುಳಿತು, ಪುಟ್ಟ ಬಕೆಟ್ಟಿನಿಂದ ನೀರು ಸುರಿದುಕೊಂಡು, ಸೋಪು ಹಚ್ಚಿ ತೊಳೆಯಬೇಕು. ಇದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚಾಳಿನ ಖೋಲಿಯ ಮೂಲೆಯ ಮೋರಿ ಎಂಬ ಬಚ್ಚಲಿನಲ್ಲಿ ದಿನಾ ಮಾಡುವುದು ಅದನ್ನೇ. ಶಿಸ್ತಾಗಿ ಮಿಂದು, ಚಡ್ಡಿ ಹಿಂಡಿಕೊಂಡು, ಹೊರಬಂದರು. ಮನೆಯೊಡತಿ ಗಾಬರಿಯಾಗಿ ಮೊರಿತಾರನ್ನು ಕರೆಸಿದಳು. ಹುಡುಗರು ಸ್ನಾನವನ್ನೇ ಮಾಡಿಲ್ಲವೆಂಬುದು ಅವಳ ದೂರು. ಆಮೇಲೆ ತಿಳಿಯಿತು: ನಾವು ಮುಗಿಸಿದ್ದು ಸ್ನಾನಕ್ಕೆ ಮುಂಚಿನ ಕೆಲಸ ಮಾತ್ರ. ನಿಜವಾದ ಸ್ನಾನವೆಂದರೆ ಮೈ ಶುದ್ಧವಾದ ಮೇಲೆ ಹೊಗೆಯಾಡುವ ತೊಟ್ಟಿಯಲ್ಲಿ ಕುತ್ತಿಗೆತನಕ ಮುಳುಗಿ ಸುಮ್ಮನೆ ಕೂರುವುದು.

"ಸ್ವಚ್ಛ ಆದ್ಮ್ಯಾಲ ಮತ್ತ್ಯಾಕ ನೀರಾಗ ಕುಂದರ್ಬೇಕ್ರಿ?" ಎಂದ ಬಸಪ್ಪ. ಮಾರನೆಯ ದಿನ ತೊಟ್ಟಿಯಿಂದ ಕೊನೆಗೆ ಎದ್ದವನು ಅವನೇ.

ಮೊದಲ ಪಂದ್ಯಕ್ಕೆ ಊರಿನ ಜನ ಚೆನ್ನಾಗಿ ಸೇರಿದ್ದರು. ಆತಿಥೇಯ ಹುಡುಗರು ಟೋಪಿ ತೆಗೆದು ಸಾಲಾಗಿ ನಿಂತು ಮೈದಾನಕ್ಕೆ ಬಾಗಿ ವಂದಿಸಿದರು. ನಮ್ಮವರು ಗೆರೆ ದಾಟುವಾಗ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡರು. ಕಬಡ್ಡಿ ಅಂಕಣದಿಂದ ಬಂದ ರೂಢಿ. ಎರಡೂ ಕಡೆಯವರು ಪರಸ್ಪರ ನೋಡಿಕೊಂಡರು. ವಿವರಣೆ ಯಾರಿಗೂ ಬೇಕಾಗಲಿಲ್ಲ.

ಆಟ ಬಿಗಿಯಾಗಿಯೇ ನಡೆಯಿತು. ಕೊನೆಯಲ್ಲಿ ಸುಧಾಕರ ಒಂದು ಒಳ್ಳೆಯ ಹೊಡೆತ ಹೊಡೆದು ಮೊದಲ ಬೇಸ್‌ಗೆ ಓಡಿದ. ಬ್ಯಾಟು ಕೈಯಲ್ಲೇ ಇತ್ತು. ಬೇಸ್ ಹತ್ತಿರವಾಗುತ್ತಲೇ ಬಗ್ಗಿ, ಬ್ಯಾಟನ್ನು ಉದ್ದಕ್ಕೆ ಚಾಚಿ, ಅದರ ತುದಿಯನ್ನು ಚೀಲದ ಮೇಲಿಟ್ಟು, ನಿರಾಳವಾಗಿ ನಿಂತು ಬೆವರೊರೆಸಿಕೊಂಡ. ಆಜಾದ್ ಮೈದಾನದ ಕ್ರಿಕೆಟಿನಲ್ಲಾದರೆ ಅವನು ಕ್ಷೇಮ. ಇಲ್ಲಿ ಬ್ಯಾಟಿನ ಸ್ಪರ್ಶಕ್ಕೆ ಬೆಲೆಯಿಲ್ಲ. ಬೇಸ್ ಕಾಯುತ್ತಿದ್ದ ಹುಡುಗ ಚೆಂಡು ಹಿಡಿದು ಒಂದು ಕ್ಷಣ ಇದೇನೆಂದು ಯೋಚಿಸಿ, ಬಹಳ ಸಂಕೋಚದಿಂದ ತನ್ನ ಕಾಲನ್ನು ಬೇಸ್ ಮೇಲಿಟ್ಟ. ಓಡುವವನಿಗಿಂತ ಮೊದಲು ಚೆಂಡು ಹಿಡಿದವನೇ ಬೇಸ್ ಮುಟ್ಟಿದ್ದರಿಂದ ಸುಧಾಕರ ಔಟ್. ಪಂದ್ಯವೂ ಮುಗಿಯಿತು.

"ಎಂಥ ಸಾವು ಮಾರಾಯ! ನಾನು ಎರಡು ವರ್ಷ ಬೊಬ್ಬೆ ಹೊಡೆದದ್ದು ಯಾರಿಗೆ?" ಎಂದರು ಪಿಂಟೊ.

"ಸರ್, ಮಲಾಡಲ್ಲಿ ಬಿಡ್ತೇನೆ. ಮ್ಯಾಚಲ್ಲಿ ಕೈಯೇ ಬಿಡುವುದಿಲ್ಲ. ಎಂತ ಮಾಡುವುದು?" ಸುಧಾಕರನ ಮಾತಿನಲ್ಲಿ ನಾಟಕವಿರಲಿಲ್ಲ. ಹೆದರಿಕೆಯಾದಾಗ ಕೈ ಹಳೆಯ ಆಟಕ್ಕೆ ಮರಳುತ್ತಿತ್ತು. ಅವತ್ತು ಬ್ಯಾಟು ಹಿಡಿದು ಓಡಿದವನು ಅವನೊಬ್ಬನೇ ಆಗಿರಲಿಲ್ಲ.

ಒಕಾಯಾಮಾ

ಪಿಂಟೊ ಒಂದು ಉಪಾಯ ಹುಡುಕಿದರು. ಮೊದಲ ಬೇಸ್‌ನ ಪಕ್ಕ, ಗೆರೆಯಾಚೆ, ಓಡುವವನಿಗೆ ಸೂಚನೆ ಕೊಡಲು ತಂಡದ ಒಬ್ಬನು ನಿಲ್ಲಬಹುದು. ಸುಣ್ಣದಲ್ಲಿ ಅವನಿಗೊಂದು ಚೌಕ ಬರೆದಿರುತ್ತಾರೆ. ಅಲ್ಲಿ ಬಸಪ್ಪನನ್ನು ನಿಲ್ಲಿಸಿದರು. ಮೂರು ಮಾಳಿಗೆ ಮೇಲಿನವನಿಗೆ ಕೇಳಿಸುವಂತೆ ಕೂಗಿ ಪಳಗಿದ ಗಂಟಲು ಅವನದು.

ಒಬ್ಬ ಹೊಡೆದ ಕೂಡಲೇ ಬಸಪ್ಪ ಶುರುಮಾಡುತ್ತಿದ್ದ: "ಬ್ಯಾಟ್ ಒಗಿಯಲೇ! ಫೇಕ್! ಟಾಕ್! ಟಾಕ್!" ಕನ್ನಡ, ಹಿಂದಿ, ಮರಾಠಿ, ಯಾವನಿಗೆ ಯಾವುದು ನಾಟುತ್ತದೋ ಅದು. ಬ್ಯಾಟುಗಳು ಬೀಳತೊಡಗಿದವು. ಎರಡನೆಯ ಸರದಿಯ ಹೊತ್ತಿಗೆ ಬೇಲಿಗೆ ಒರಗಿದ್ದ ಶಾಲೆಯ ಮಕ್ಕಳು ಮರಾಠಿ ಕಲಿತುಬಿಟ್ಟರು. ನಮ್ಮವನು ಹೊಡೆದರೆ ಸಾಕು, ಇಡೀ ಬೇಲಿ ಒಂದೇ ಸ್ವರದಲ್ಲಿ "ಟಾಕ್! ಟಾಕ್!" ಎನ್ನುತ್ತಿತ್ತು. ಬ್ಯಾಟು ಬಿದ್ದರೆ ಚಪ್ಪಾಳೆ. ಮೊರಿತಾ ನನ್ನನ್ನು ಕೇಳಿದರು: "ಇದು ನಿಮ್ಮ ದೇವರ ಹೆಸರೇ?"

ಆದರೂ ಸೋತೆವು. ಚೆಂಡನ್ನು ಬಗ್ಗಿಸಿ ಎಸೆಯುವ ಅವರ ಹುಡುಗನ ಮುಂದೆ ನಮ್ಮವರ ಹೊಡೆತಗಳು ಸಾಲಲಿಲ್ಲ. ಪಂದ್ಯ ಮುಗಿದ ಮೇಲೆ ಗೆದ್ದವರೇ ಕುಂಟೆ ಹಿಡಿದು ಮೈದಾನದ ಮಣ್ಣನ್ನು ಸಮ ಮಾಡತೊಡಗಿದರು. ಮುಂಬಯಿಯಲ್ಲಿ ಆ ಕೆಲಸಕ್ಕೆ ಮಾಲಿ ಇರುತ್ತಾನೆ. ಆಟಗಾರರು ಅಷ್ಟು ಹೊತ್ತಿಗೆ ಚಹಾದಂಗಡಿಯಲ್ಲಿರುತ್ತಾರೆ. ನಮ್ಮವರು ಅತ್ತಿತ್ತ ನೋಡಿ, ತಾವೂ ಒಂದೊಂದು ಕುಂಟೆ ತೆಗೆದುಕೊಂಡರು.

ಅಲ್ಲಿಯ ವಸತಿಗೃಹದಲ್ಲಿ ನಮಗೆ ಬಡಿಸಲು ಬಂದವರು ವಯಸ್ಸಾದ ಹೆಂಗಸು. ಒಂದೊಂದೇ ತಟ್ಟೆಮಣೆ ತಂದು, ಮಂಡಿಯೂರಿ ಇಟ್ಟು, ಮತ್ತೆ ಒಳಗೆ ಹೋಗುತ್ತಿದ್ದರು. ಸುಧಾಕರ ಎರಡು ಸಲ ನೋಡಿದ. ಮೂರನೆಯ ಸಲ ಎದ್ದೇಬಿಟ್ಟ. "ಕೂತು ತಿನ್ನಲಿಕ್ಕೆ ನಂಗೆ ಆಗುದಿಲ್ಲ ಮಾರಾಯ್ರೆ" ಎನ್ನುತ್ತ ಅಡುಗೆಮನೆಗೆ ಹೋಗಿ, ಭುಜದಿಂದ ಬೆರಳತುದಿಯತನಕ ಬಟ್ಟಲುಗಳನ್ನು ಜೋಡಿಸಿಕೊಂಡು ಒಂದೇ ಸುತ್ತಿಗೆ ಎಲ್ಲರಿಗೂ ಬಡಿಸಿದ. ಅಡುಗೆಯವರು ಬಾಗಿಲಿಗೆ ಬಂದು ನಿಂತು ನೋಡಿದರು. ಇನ್ನೊಮ್ಮೆ ಮಾಡಿ ತೋರಿಸೆಂದು ಕೇಳಿದರು. ಅವತ್ತು ನಮ್ಮ ಪಾಲಿಗೆ ಬಿದ್ದ ಏಕೈಕ ಜಯಘೋಷ ಅದು.

ಊಟದ ನಂತರ ಪಿಂಟೊ ನನ್ನನ್ನು ಜಗಲಿಗೆ ಕರೆದರು. "ನಾಳೆ ನಿಮ್ಮ ಪೇಪರಿಗೆ ತಂತಿ ಕಳಿಸುವಾಗ ಬಸ್ಯಾನ ಹೆಸರೂ ಸೇರಿಸಿಬಿಡಿ ಮಾರಾಯ್ರೆ. ಅವನು ಚೌಕದಲ್ಲಿ ನಿಂತಿದ್ದನಲ್ಲ? ಮೈದಾನದ ಒಳಗೇ ಉಂಟು ಅದು."

"ನಿಂತಿದ್ದ ಎಂದು ಬರೆಯುತ್ತೇನೆ. ಆಡಿದ ಎಂದು ಬರೆಯಲಾರೆ."

"ಇಲ್ಲಿಗೆ ಬಂದು ಯಾರು ನೋಡ್ತಾರೆ?"

"ನೀವೇ ಆಡಿಸಬಹುದಲ್ಲ."

ಪಿಂಟೊ ಸಿಡುಕಿದರು. "ಒಂದಾದರೂ ಗೆಲ್ಲಬೇಕು ನನಗೆ! ಬರಿಗೈಯಲ್ಲಿ ಚೆಂಡು ಹಿಡಿಯುವವನನ್ನು ನಿಲ್ಲಿಸಿ ಗೆಲ್ಲಲಿಕ್ಕೆ ಆಗ್ತದ? ಉಳಿದವರೂ ಬೆವರು ಸುರಿಸಿ ಬಂದವರಲ್ಲವ?"

ಅವರ ಮಾತೂ ನ್ಯಾಯವೇ. ಬಾಗಿಲ ಬಳಿ ಬೂಟು ಒರೆಸುತ್ತ ಕುಳಿತಿದ್ದ ಬಸಪ್ಪನಿಗೆ ಇದೆಲ್ಲ ಕೇಳಿಸಿತ್ತು. ತಲೆ ಎತ್ತದೆ ಹೇಳಿದ: "ಸಾಹೇಬ್ರು ಖರೇನ ಹೇಳ್ಯಾರ್ರಿ, ಮಾಸ್ತರ. ಆಫೀಸರ್ ಕೇಳಿದ್ರ ನಾ ಏನ್ ಆಡಿದ್ನಿ ಅಂತ ಹೇಳ್ಲಿ? ಒದರಿದ್ನಿ ಅಂತ ಹೇಳ್ಲೇನ್ರಿ?"

ಹಿಮೇಜಿ

ಇಲ್ಲಿ ಒಂದು ಚೆಂದದ ಬಿಳಿ ಕೋಟೆಯಿದೆ. ಅದನ್ನು ನೋಡಿದೆವು. ಪಂದ್ಯದಲ್ಲಿ ಹೀನಾಯವಾಗಿ ಸೋತೆವು. ಬಸಪ್ಪ ಚೌಕದಲ್ಲಿ ನಿಂತು ಕೂಗಿದ. ಹೆಚ್ಚು ಬರೆಯುವುದಕ್ಕೇನೂ ಇಲ್ಲ.

ಮತ್ತೆ ಕೋಬೆ

ಕೊನೆಯ ಪಂದ್ಯ ಮೊದಲು ಆಡಿದ ತಂಡದ ಜೊತೆಗೇ. ಸುಧಾಕರ ಅವತ್ತು ಇಡೀ ಪ್ರವಾಸದಲ್ಲೇ ಚೆನ್ನಾಗಿ ಚೆಂಡೆಸೆದ. ಕೊನೆಯ ಸರದಿಗೆ ಬಂದಾಗ ಅಂಕ ಎರಡು–ಎರಡು. ಮೊದಲು ಹೊಡೆಯುವ ಸರದಿ ನಮ್ಮದು.

ಸುಧಾಕರ ದೂರಕ್ಕೆ ಹೊಡೆದ, ಬ್ಯಾಟು ಬಿಸಾಡಿದ, ಎರಡನೆಯ ಬೇಸ್ ತಲುಪಿದ. ತಲುಪಿದ್ದೇನೋ ಹೌದು, ಆದರೆ ಕ್ರಿಕೆಟಿನ ಗೆರೆ ದಾಟಿ ಅಭ್ಯಾಸವಾದ ಕಾಲು ಉಬ್ಬಿದ ಚೀಲದ ಮೇಲೆ ಹೊರಳಿತು. ಪಾದ ಊರಲಾಗದೆ ಚೀಲದ ಮೇಲೇ ಕುಳಿತು ಪಿಂಟೊ ಕಡೆ ಕೈಯೆತ್ತಿ ಕೂಗಿದ: "ಸರ್, ರನ್ನರ್!"

ಕ್ರಿಕೆಟಿನಲ್ಲಿ ಗಾಯವಾದವನಿಗೆ ಬದಲಿ ಓಟಗಾರ ಸಿಗುತ್ತಾನೆ. ಗಾಯಗೊಂಡವನು ಆಟದಲ್ಲೇ ಉಳಿಯುತ್ತಾನೆ. ಅಂಪೈರರು ಬಂದು ಮೊರಿತಾರ ಮೂಲಕ ತಿಳಿಸಿದರು: ಇಲ್ಲಿ ಹಾಗಿಲ್ಲ. ಬೇರೊಬ್ಬ ಓಡಬಹುದು. ಆದರೆ ಹೊರಹೋದವನು ಮತ್ತೆ ಬರುವಂತಿಲ್ಲ, ಚೆಂಡೆಸೆಯಲಿಕ್ಕೂ.

ಪಿಂಟೊ ಬೆಂಚಿನತ್ತ ನೋಡಿದರು. ಕಾಯ್ದಿಟ್ಟ ಮೂವರಲ್ಲಿ ಒಬ್ಬ ಆಗಲೇ ಆಡಿದ್ದ. ಇನ್ನೊಬ್ಬ ಜ್ವರ ಬಂದು ವಸತಿಗೃಹದಲ್ಲಿ ಮಲಗಿದ್ದ. "ನೀನು ಕುಂಟಿಕೊಂಡಾದರೂ ನಿಲ್ಲು. ನೀನು ಹೋದರೆ ಆಮೇಲೆ ಬೌಲಿಂಗ್ ಯಾರು ಮಾಡುವುದು?" ಎಂದರು ಅವರು. ಗಾಬರಿಯಲ್ಲಿ ಅವರ ಬಾಯಲ್ಲೂ ಕ್ರಿಕೆಟಿನ ಮಾತೇ ಬಂತು.

ಸುಧಾಕರ ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಮೊದಲ ಬೇಸ್‌ನ ಚೌಕದಲ್ಲಿ ನಿಂತಿದ್ದ ಬಸಪ್ಪನನ್ನು ನೋಡಿದ. "ಇಲ್ಲ ಸರ್. ನಾನು ಓಡಿದರೆ ಔಟೇ. ಬಸ್ಯ ಓಡ್ಲಿ. ಏ ಬಸ್ಯಾ! ಆ ಜಾ! ಪಿಕ್ನಿಕ್ ಖತಂ!"

ಬಸಪ್ಪ ಬೆಂಚಿನತ್ತ ಓಡಿದ. ಅಲ್ಲಿಂದ ಎರಡನೆಯ ಬೇಸ್‌ಗೆ ಬಂದ. ಅವನ ಕೈಯಲ್ಲಿ ಒಂದು ಬ್ಯಾಟಿತ್ತು.

ಬದಲಿ ಓಟಗಾರ ಬ್ಯಾಟು ಹಿಡಿದೇ ಬರಬೇಕೆಂಬುದು ಕ್ರಿಕೆಟಿನ ಕ್ರಮ. ಮೂರು ಪಂದ್ಯಗಳುದ್ದಕ್ಕೂ ಬ್ಯಾಟ್ ಬಿಡಿ ಎಂದು ಕೂಗಿದವನಿಗೂ ಆ ಹೊತ್ತಿಗೆ ನೆನಪಾದದ್ದು ಅದೇ. ನಮ್ಮ ಬೆಂಚೇ ಎದ್ದು ನಿಂತು ಕೂಗಿತು: "ಟಾಕ್! ಅರೆ, ಟಾಕ್ ನಾ!" ಅಂಪೈರರು ಬಂದು, ಸ್ವಲ್ಪ ಬಾಗಿ, ಎರಡೂ ಕೈ ನೀಡಿದರು. ಬಸಪ್ಪ ನಾಚಿ ಬ್ಯಾಟು ಒಪ್ಪಿಸಿದ. ಧ್ವನಿವರ್ಧಕದಲ್ಲಿ ಒಬ್ಬ ಹುಡುಗಿ ಅವನ ಹೆಸರನ್ನು ಅಕ್ಷರ ಬಿಡಿಸಿ, ಅವರ ಗೌರವದ ಮಾತು ಸೇರಿಸಿ ಹೇಳಿದಳು: "ಬ-ಸಪ್-ಪಾ ಸಾನ್." ನಾನು ಸಮಯ ನೋಡಿ ಬರೆದುಕೊಂಡೆ. ಅವನು ಆಟಗಾರನಾಗಿದ್ದ.

ಮುಂದಿನ ಹುಡುಗ ಬಲಕ್ಕೆ ಹೊಡೆದ. ಬಸಪ್ಪ ಓಡಿದ. ಮೂರನೆಯ ಬೇಸ್ ಬಳಿ ಪಿಂಟೊ ಎರಡೂ ಕೈ ಮೇಲೆತ್ತಿ ನಿಲ್ಲೆಂದು ಸನ್ನೆ ಮಾಡುತ್ತಿದ್ದರು. ಅವನು ಅವರನ್ನು ದಾಟಿಯೇ ಹೋದ. ಕೊನೆಯ ಮೂಲೆಯಲ್ಲಿ ಎದುರಾಳಿ ಹುಡುಗ ಚೆಂಡು ಹಿಡಿದು ಕಾದು ನಿಂತಿದ್ದ. ಆ ಚೆಂಡನ್ನು ಮೈಗೆ ತಾಗಿಸಿದರೆ ಬಸಪ್ಪ ಔಟ್.

ಇಲ್ಲಿಯವರೆಗೆ ಬೇಸ್‌ಬಾಲ್ ನಡೆದಿತ್ತು. ಮುಂದಿನದು ಕಬಡ್ಡಿ. ಬಸಪ್ಪ ಬಲ ಭುಜವನ್ನು ಒಮ್ಮೆ ಒಡ್ಡಿದ. ಕಾಯುತ್ತಿದ್ದವನ ಕೈ ಅತ್ತ ಹೋಯಿತು. ಆ ಕೈಯ ಅಡಿಯಿಂದ ಎದೆಯ ಮೇಲೆ ನೆಲಕ್ಕೆ ಬಿದ್ದು, ನಡುಗೆರೆ ಮುಟ್ಟುವ ಹಾಗೆ ತೋಳು ನೀಡಿದ. ಧೂಳೆದ್ದಿತು. ಅಂಪೈರರು ಬಗ್ಗಿ ನೋಡಿದರು. ಬೆರಳುಗಳು ಹಲಗೆಯ ಮೇಲಿದ್ದವು. ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ಅವರು "ಸೇಫ್!" ಎಂದು ಕೂಗಿದ್ದು ಎಲ್ಲ ಭಾಷೆಯವರಿಗೂ ಅರ್ಥವಾಯಿತು.

ಸುಧಾಕರ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಬಂದು ಅವನನ್ನು ಎಬ್ಬಿಸಿದ. "ಸಾಲೆ, ಅಂಗಿ ಹರಿದುಕೊಂಡಿಯಲ್ಲ!"

"ಅಂಗೀ ಮಾಸ್ತರಂದೈತಿ. ತೊಗಲ್ ಅಷ್ಟ ನಂದು" ಎಂದ ಬಸಪ್ಪ.

ಕೊನೆಯ ಅರ್ಧ ಸರದಿಯನ್ನು ಗಿರಗಾಂವದ ಒಬ್ಬ ಹುಡುಗ ಎಸೆದು ಹೇಗೋ ಉಳಿಸಿಕೊಟ್ಟ. ಬಸಪ್ಪನನ್ನು ಗವಸು ತೊಡಿಸಿ ಅತಿ ದೂರದಲ್ಲಿ ನಿಲ್ಲಿಸಿದ್ದರು. ಅವನತ್ತ ಒಂದು ಚೆಂಡೂ ಬರಲಿಲ್ಲ. ಪಿಂಟೊ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಮೂರು–ಎರಡು.

ಅಂಚೆ ಕಚೇರಿಯಿಂದ ಸಂಜೆ ತಂತಿ ಕಳಿಸಿದೆ. ಗೆಲುವಿನ ಓಟ: ಬಸಪ್ಪ. ಇದ್ದದ್ದನ್ನು ಬರೆಯುವುದು ಇಷ್ಟು ಸಲೀಸಾದ ದಿನ ವೃತ್ತಿಯಲ್ಲಿ ಅಪರೂಪ.

ವಡಾಲ

ಮಳೆಗಾಲ ಮುಗಿದ ಮೇಲೆ ಬಸಪ್ಪ ಕಚೇರಿಗೆ ಬಂದು ಮನೆಗೆ ಕರೆದ. ಹಾರ್ಬರ್ ಲೈನಿನ ಲೋಕಲ್ ಹಿಡಿದು ಹೋದೆ. ಕಂಪನಿಯ ಕಾಲನಿ, ಎರಡನೆಯ ಮಾಳಿಗೆ, ಒಂದು ಖೋಲಿ. ಅವನ ತಾಯಿ ಒಲೆ ಹೂಡುವ ಜಾಗವನ್ನು ಆಗಲೇ ಆರಿಸಿಕೊಂಡು ಕುಳಿತಿದ್ದರು. ತಂದೆ ಮಲ್ಲಪ್ಪ ಮಾತ್ರ ಕೂತಿರಲಿಲ್ಲ. ಗೋಡೆಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಕುಟ್ಟುತ್ತ ಮೂಲೆಯಿಂದ ಮೂಲೆಗೆ ಸರಿಯುತ್ತಿದ್ದರು.

"ಅಪ್ಪಾ, ಸಾಹೇಬ್ರು ಬಂದಾರ. ಕುಂದ್ರು."

"ಕುಂದ್ರತೇನಿ ತಡಿ." ಇನ್ನೊಂದು ಕಡೆ ಕುಟ್ಟಿದರು. "ಪೊಳ್ಳೈತಿ. ಇಲ್ಲೂ ಪೊಳ್ಳೈತಿ. ಯಾವ ಮಗಾ ಮಾಡ್ಯಾನೋ ಈ ಪಲಾಸ್ತರಾ!"

"ಹೊಸಾ ಮನೀಗ ಹೆಸರಿಡಬ್ಯಾಡ್ರಿ" ಎಂದರು ತಾಯಿ.

ಮಲ್ಲಪ್ಪ ನಾಲ್ಕೂ ಗೋಡೆ ಮುಗಿಸಿ ಬಂದು ನನ್ನೆದುರು ಚಾಪೆಯ ಮೇಲೆ ಕುಳಿತರು. ಕೈ ಒರೆಸಿಕೊಂಡರು.

"ಇರ್ಲಿ ಬಿಡ್ರಿ. ಇಲ್ಲೇ ಇರಾವ್ರು ನಾವು. ಸಾವಕಾಶ ಕಿತ್ತಿ ಮಾಡೋಣು."